ತೂಕದ ತಟ್ಟೆಯ ಮೇಲಿನ ಗಂಧ

ಕೇದಾರನ ಹೆಸರು ಕೇಳಿದರೆ ಸಾಕು, ಭೀಮಸೇನನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು ಮಾಡೀತು ಹೇಳಿ! ಗದಗದಿಂದ ಪರದೇಶದ ಹ್ಯಾಮಿಲ್ಟನ್ನಿಗೆ ಬಂದ ಮೇಲಿನ ಒಂಬತ್ತು ವರ್ಷವೂ ಪಕ್ಕದ ಮನೆಯ ಮುದುಕ ರಾಸ್‌ನ ಹಿಂದೆ ಗುಡ್ಡ ಹತ್ತಿದವನು ಇವನು. ಕೆಸರಿನಲ್ಲಿ ಹೂತ ಅವನ ಯೂಟ್ ಗಾಡಿ ತಳ್ಳಿದವನು ಇವನು. ಹೊಡೆದ ಜಿಂಕೆಯನ್ನು ಬೆನ್ನ ಮೇಲೆ ಹೊತ್ತು ತಂದವನೂ ಇವನೇ. ಈಗ ನೋಡಿದರೆ, ಹೋದ ವರ್ಷ ಬಂದಿಳಿದ ಮೈಸೂರಿನ ಸಾಫ್ಟ್‌ವೇರ್ ಆಸಾಮಿ ಕೇದಾರ ರಾಸ್‌ನ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ.

ಆಗಿದ್ದಿಷ್ಟು. ರಾಸ್‌ನ ಬಳಿ ಅವನಪ್ಪನ ಕಾಲದ ರೈಫಲ್ ಒಂದಿತ್ತು. ಅದಕ್ಕೆ ಅವನು ಸೀಸದ ಗುಂಡಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಿದ್ದ. ಜಿಂಕೆ ಮಾಂಸದಲ್ಲಿ ಸೀಸದ ಚೂರು ಉಳಿಯುತ್ತದಂತೆ, ಮಕ್ಕಳಿಗೆ ಅದು ಬೇಡ ಎಂದು ಸೊಸೆ ಖಡಾಖಂಡಿತವಾಗಿ ಹೇಳಿಬಿಟ್ಟಳು. ಸರಿ, ತಾಮ್ರದ ಗುಂಡಾಗಲಿ ಎಂದ ರಾಸ್. ಆದರೆ ಅಂಥ ಹಳೇ ರೈಫಲ್ಲಿಗೆ ತಾಮ್ರದ ತೋಟಾ ಅಂಗಡಿಯಲ್ಲಿ ಸಿಗಲಿಲ್ಲ. ತಾವೇ ತುಂಬಬೇಕು, ಅದೂ ಮೊದಲಿನಿಂದ ಕಲಿತು. ರಾಸ್‌ನ ಕೈ ಈಗ ನಡುಗುತ್ತದೆ. ಕೇದಾರ ಪುಸ್ತಕ ಓದಿ, ನೋಟ್ಸ್ ಮಾಡಿಕೊಂಡು ಬಂದು ನಿಂತ. ತೋಟಾಕ್ಕೆ ತುಂಬುವ ಮದ್ದಿನ ಪುಡಿ ತೂಗುವ ತಕ್ಕಡಿಯ ಮುಂದಿನ ಸ್ಟೂಲು ಅವನ ಪಾಲಾಯಿತು.

"ನಾನೇನ್ ಸತ್ತಿದ್ನೇನು?" ಎಂದು ಭೀಮಸೇನ ಮನೆಯಲ್ಲಿ ಕೂಗಾಡಿದ. "ಹಾಲಿನ ಪುಡಿ ಫ್ಯಾಕ್ಟರಿ ಲ್ಯಾಬಿನ್ಯಾಗ ದಿನಾ ತೂಕಾ ಮಾಡಾಂವ ನಾನು! ನನಗ ಒಂದ್ ಮಾತು ಕೇಳಲಿಲ್ಲ ನೋಡು ಆ ಮುದುಕ!"

"ನೀವ್ ಬಾಯಿಬಿಟ್ಟು ಕೇಳೀರೇನು?" ಎಂದಳು ಹೆಂಡತಿ ವಿಜಯಾ.

ಕೇಳಿರಲಿಲ್ಲ. ಕರೆಯಲಿ ಎಂದು ಕಾದಿದ್ದ.

ಅವನಿಗೆ ಉಳಿದಿದ್ದು ಒಂದೇ ಹಕ್ಕು, ಆಯುಧಪೂಜೆ. ಪ್ರತಿವರ್ಷ ರಾಸ್‌ನ ಶೆಡ್ಡಿನಲ್ಲಿ ರೈಫಲ್, ಯೂಟ್, ಮರ ಕೊಯ್ಯುವ ಗರಗಸ ಎಲ್ಲಕ್ಕೂ ಗಂಧ ಹಚ್ಚಿ ಕುಂಕುಮ ಇಡುತ್ತಿದ್ದವನು ಅವನೇ. ರಾಸ್ ಟೊಪ್ಪಿಗೆ ತೆಗೆದು ಸುಮ್ಮನೆ ನಿಲ್ಲುತ್ತಿದ್ದ. ಎರಡು ಸಾವಿರದ ಹದಿನಾರರ ಆ ಸೋಮವಾರ ಸಂಜೆಯೂ ಭೀಮಸೇನ ಪೂಜೆಯ ತಟ್ಟೆ ಹಿಡಿದು ಬಂದ. ಕೇದಾರ ಸ್ಟೂಲಿನಿಂದ ಎದ್ದು ನಿಂತ. ಭೀಮಸೇನನ ಹಟ ನೋಡಿ! ಹೋದ ವರ್ಷ ರೈಫಲ್ಲಿಗೆ ಒಂದು ಬೊಟ್ಟು ಇಟ್ಟವನು, ಈ ವರ್ಷ ಕೇದಾರ ಮುಟ್ಟುವ ವಸ್ತುವನ್ನೆಲ್ಲ ಹುಡುಕಿ ಹುಡುಕಿ ಗಂಧ ಮೆತ್ತಿದ. ತೋಟಾ ಒತ್ತುವ ಯಂತ್ರಕ್ಕೆ ಮೆತ್ತಿದ. ಮದ್ದು ತೂಗುವ ಪುಟ್ಟ ತಕ್ಕಡಿಯ ತಟ್ಟೆಯ ಅಂಚಿಗೂ ಬಟಾಣಿ ಗಾತ್ರದ ಹಸಿ ಗಂಧ.

"ಒರಸಬ್ಯಾಡ ಮತ್ತ. ದೇವರದು," ಎಂದ.

"ಅಯ್ಯೋ ಇಲ್ಲ ಅಂಕಲ್, ಒರೆಸ್ತೀನಾ!" ಎಂದ ಕೇದಾರ. ಗಂಧವಿದ್ದ ತಟ್ಟೆಯನ್ನೇ ಇಟ್ಟು ತಕ್ಕಡಿಯನ್ನು ಸೊನ್ನೆಗೆ ನಿಲ್ಲಿಸಿದ. ಹೀಟರ್ ಹಚ್ಚಿಕೊಂಡು ಇಪ್ಪತ್ತು ತೋಟಾ ತುಂಬಿದ. ಶನಿವಾರ ಅವನ್ನು ಗುಂಡು ಹಾರಿಸುವ ರೇಂಜಿನಲ್ಲಿ ಹೊಡೆದು ನೋಡುವುದಿತ್ತು.

ಗುರುವಾರ ಲ್ಯಾಬಿನಲ್ಲಿ ಭೀಮಸೇನ ಹಾಲಿನ ಪುಡಿಯ ತೇವ ಪರೀಕ್ಷಿಸುತ್ತಿದ್ದ. ಒಣಗಿಸುವ ಮುಂಚೆ ಒಂದು ತೂಕ, ಒಣಗಿಸಿದ ಮೇಲೆ ಒಂದು ತೂಕ. ಸಾವಿರ ಸಲ ಮಾಡಿದ ಕೆಲಸ. ಅವತ್ತು ಕೈ ಅಲ್ಲೇ ನಿಂತಿತು. ಹಸಿ ಗಂಧ ಒಣಗಿದರೆ ತಟ್ಟೆ ಹಗುರಾಗುತ್ತದೆ. ಸೊನ್ನೆ ನಿಂತಿದ್ದು ಹಸಿ ಗಂಧದ ಲೆಕ್ಕಕ್ಕೆ, ತಟ್ಟೆ ಹಗುರಾದಷ್ಟೂ ಮದ್ದು ಹೆಚ್ಚು ಬೀಳುತ್ತದೆ. ತಾಮ್ರದ ಗುಂಡು ಸೀಸದ್ದಕ್ಕಿಂತ ಉದ್ದ, ತೋಟಾದೊಳಗೆ ಜಾಗ ಕಡಿಮೆ, ಮದ್ದು ಒಂದು ಚೂರೂ ಹೆಚ್ಚಾಗಬಾರದು ಎಂದು ರಾಸ್ ನೂರು ಸಲ ಹೇಳಿದ್ದ.

ಆಗಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಯಾಕೆಂದು ಕೇಳುತ್ತೀರಾ? ಶನಿವಾರ ರೇಂಜಿನಲ್ಲಿ ಗುಂಡು ಎಲ್ಲೆಲ್ಲೋ ಹೋಗಲಿ, ಆ ಪುಸ್ತಕದ ಹುಳದ ಮುಖ ಇಷ್ಟಾಗಲಿ ಎಂದು ಒಳಗಿನ ಹೊಟ್ಟೆಕಿಚ್ಚು ಬಾಯಿಗೆ ಬೀಗ ಹಾಕಿತ್ತು. ಶುಕ್ರವಾರವೂ ಹಾಗೇ ಕಳೆಯಿತು.

ಶನಿವಾರ ಬೆಳಿಗ್ಗೆ ಚಹಾ ಲೋಟ ಹಾಗೇ ಬಿಟ್ಟು ಎದ್ದ. ಗುಂಡು ಅಡ್ಡಾದಿಡ್ಡಿ ಹೋಗುವುದು ಹಾಗಿರಲಿ, ಹಳೇ ರೈಫಲ್ ಮುಖದ ಹತ್ತಿರವೇ ಸಿಡಿದರೆ? ಆ ಮುಖ ರಾಸ್‌ನದು.

"ಏನಾಗೇದ ನಿಮಗ?" ಎಂದಳು ವಿಜಯಾ.

"ತಪ್ಪಾಗೇದ," ಎಂದವನೇ ಕಾರಿನ ಕೀಲಿ ಎತ್ತಿಕೊಂಡು ಓಡಿದ.

ರೇಂಜ್ ತಲುಪಿದಾಗ ರಾಸ್ ಬೆಂಚಿನ ಹಿಂದೆ ಮುಖ ಗಂಟಿಕ್ಕಿ ನಿಂತಿದ್ದ. ಕೇದಾರ ನೆಲ ನೋಡುತ್ತಿದ್ದ. ರೈಫಲ್ ಇನ್ನೂ ಚೀಲದಲ್ಲೇ ಇತ್ತು. ಭೀಮಸೇನನಿಗೆ ಹೋದ ಜೀವ ಬಂದಂತಾಯಿತು.

"ಸರಿಯಾದ ಹೊತ್ತಿಗೆ ಬಂದೆ, ಭೀಮ್," ಎಂದ ರಾಸ್ ತನ್ನ ಇಂಗ್ಲಿಷಿನಲ್ಲಿ. "ಇವನು ತಕ್ಕಡಿಯ ಸೊನ್ನೆ ಕೆಡಿಸಿಕೊಂಡು ತೋಟಾ ತುಂಬಿದ್ದಾನೆ. ನಿನ್ನೆ ಖಾಲಿ ತಟ್ಟೆ ಇಟ್ಟು ನೋಡಿದಾಗ ಗೊತ್ತಾಯಿತಂತೆ. ಇಪ್ಪತ್ತನ್ನೂ ಬಿಚ್ಚಿ, ತಟ್ಟೆ ತೊಳೆದು, ಹೊಸದಾಗಿ ತುಂಬಿದ್ದಾನೆ. ಆದರೂ ಮೊದಲ ಪಾಠದಲ್ಲೇ ಅಜಾಗರೂಕತೆ! ಇನ್ನು ಮದ್ದು ಮುಟ್ಟುವುದು ಬೇಡ ಅಂದೆ. ನಾಳೆಯಿಂದ ಆ ಸ್ಟೂಲಿನಲ್ಲಿ ನೀನು ಕೂರು."

ಭೀಮಸೇನ ತಿಂಗಳುಗಟ್ಟಲೆ ಕಾದ ಮಾತು. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಯಾರಿಗೂ ಏಟಾಗಿರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ. ಹೂಂ ಅಂದರೆ ಮುಗಿಯಿತು. ಅವನು ಕೇದಾರನ ಕಡೆ ನೋಡಿದ.

"ಗಂಧದ ವಿಷ್ಯ ಹೇಳಲಿಲ್ಲೇನು?" ಎಂದ ಮೆಲ್ಲಗೆ, ಕನ್ನಡದಲ್ಲಿ.

"ಬಿಡಿ ಅಂಕಲ್," ಎಂದ ಕೇದಾರ. "ಒಂಬತ್ತು ವರ್ಷದಿಂದ ಪೂಜೆ ಮಾಡ್ತಿದೀರಿ. ಅದಕ್ಕೆ ಯಾಕೆ ಕೆಟ್ಟ ಹೆಸರು? ತೂಗಿದ್ದು ನಾನಲ್ವಾ."

ಅಯ್ಯೋ ಇವನ! ಭೀಮಸೇನನಿಗೆ ಮೊದಲಿಗಿಂತ ಜೋರಾಗಿ ಹೊಟ್ಟೆ ಉರಿಯಿತು. ಸ್ಟೂಲು ಕಸಿದುಕೊಂಡಿದ್ದು ಸಾಲದೇ? ದೊಡ್ಡತನದಲ್ಲೂ ತನ್ನನ್ನು ದಾಟಿಕೊಂಡು ಹೋಗಬೇಕೇ? ಆ ಸಿಟ್ಟಿನಲ್ಲೇ ಅವನು ರಾಸ್‌ನತ್ತ ತಿರುಗಿದ. ತಕ್ಕಡಿಯ ತಟ್ಟೆಗೆ ಹಸಿ ಗಂಧದ ಬೊಟ್ಟು ಇಟ್ಟವನು ತಾನು, ಒರೆಸಬೇಡ ಎಂದವನೂ ತಾನು ಎಂದು ಇಂಗ್ಲಿಷಿನಲ್ಲಿ ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಗುರುವಾರವೇ ನನಗೆ ಗೊತ್ತಾಗಿತ್ತು, ರಾಸ್. ಇವನಿಗೆ ಅವಮಾನವಾಗಲಿ ಅಂತ ಸುಮ್ಮನಿದ್ದೆ."

ರಾಸ್ ಅವನಿಗೆ ಬೆನ್ನು ತಿರುಗಿಸಿದ. ಚೀಲ ಬಿಚ್ಚಿ, ಅಪ್ಪನ ರೈಫಲ್ ತೆಗೆದು, ಕೇದಾರನ ಕೈಗೆ ಕೊಟ್ಟ. ಆ ರೈಫಲ್ಲಿನ ಮೊದಲ ತಾಮ್ರದ ಗುಂಡು! ಅದನ್ನು ಹೊಡೆಯುವವನು ತಾನೇ ಎಂದು ಭೀಮಸೇನ ಎಷ್ಟು ಸಲ ಅಂದುಕೊಂಡಿದ್ದನೋ.

ಗುಂಡು ಹಾರಿತು. ಗುರಿಹಲಗೆಯ ನಡುವಿನಿಂದ ಎರಡು ಬೆರಳು ಪಕ್ಕಕ್ಕೆ ತೂತು ಬಿತ್ತು. ಖಾಲಿ ಹಿತ್ತಾಳೆ ಚಿಪ್ಪು ಹೊರಗೆ ಹಾರಿ ಭೀಮಸೇನನ ಕಾಲ ಬಳಿ ಉರುಳಿತು. ಮತ್ತೆ ತುಂಬಲು ಬೇಕಾಗುವ ಚಿಪ್ಪನ್ನು ಹುಲ್ಲಿನಲ್ಲಿ ಬಿಡುವಂತಿಲ್ಲ. ಅವನು ಬಗ್ಗಿ ಎತ್ತಿಕೊಂಡ. ಬೆರಳು ಚುರುಕ್ ಎಂದಿತು, ಆದರೂ ಬಿಡಲಿಲ್ಲ.

"ತೊಗೋ," ಎಂದು ಕೇದಾರನ ಅಂಗೈಗೆ ಹಾಕಿದ. "ತುಂಬಾಂವ ನೀನ ಅಲಾ."