ಕಾಳಕ್ಕ ಮೆಂಬರಾದಳು

ಕಾವ್ಯಶ್ರೀ ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕತೆಯೊಂದರಲ್ಲಿ, ಎರಡು ಊರುಗಳ ಗಡಿಯ ಬಂಡೆಯ ಮೇಲೆ ಒಬ್ಬ ಮುದುಕಿ ಕೂತಿರುತ್ತಿದ್ದಳು. ಯಾವ ಊರಿನ ನಾಯಿಯೂ ಅವಳನ್ನು ಕಂಡು ಬೊಗಳುತ್ತಿರಲಿಲ್ಲ. ಮದಕರಿಪುರದ ಕಾಳಕ್ಕನನ್ನು ನೋಡಿದಾಗ ಕಾವ್ಯಶ್ರೀಗೆ ಆ ಮುದುಕಿ ನೆನಪಾದಳು. ನೆನಪಾದ ಕೂಡಲೇ, ಇವಳನ್ನು ಸಂಘಕ್ಕೆ ಸೇರಿಸಬೇಕು ಅನ್ನಿಸಿತು.

ಅದು ಚಿತ್ರದುರ್ಗದ ಸಂಧಾನಕಾರರ ಸಂಘ. ಜಗಳಗಳನ್ನು ಕೋರ್ಟಿನ ಹೊರಗೆ ಮಾತಿನಲ್ಲೇ ಬಗೆಹರಿಸುವ ವಕೀಲರು, ನಿವೃತ್ತ ಮೇಷ್ಟ್ರುಗಳು ಕಟ್ಟಿಕೊಂಡದ್ದು. ವಕೀಲೆ ಕಾವ್ಯಶ್ರೀ ಅದರ ಕಾರ್ಯದರ್ಶಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಹೊಸಬರು ಸೇರುತ್ತಲೇ ಇದ್ದರು. ಮೀಟಿಂಗಿಗೆ ಕುರ್ಚಿ ಸಾಲದೆ ಪಕ್ಕದ ಟೈಪಿಂಗ್ ಶಾಲೆಯಿಂದ ಬೆಂಚು ತರಿಸುವ ಹಾಗಾಗಿತ್ತು. ಆದರೂ ಅಧ್ಯಕ್ಷ ನಾಗಭೂಷಣ ಅವರಿಗೆ ಸಮಾಧಾನವಿಲ್ಲ. "ಬರೀ ಕರಿಕೋಟಿನೋರೇ ಆದ್ರೆ ಹೆಂಗಮ್ಮಾ? ಹಳ್ಳಿ ಕಡೆಯೋರ್ನ ಕರ್ಕಂಡು ಬಾ" ಎಂದಿದ್ದರು.

ಕಾಳಕ್ಕ ಕುರಿಗಾರರ ಮನೆಯ ಮುದುಕಿ. ಊರಿನಲ್ಲಿ ಯಾರ ನಡುವೆ ಮನಸ್ತಾಪ ಬಂದರೂ ಅವಳ ಜಗಲಿಗೆ ಬರುತ್ತಿತ್ತು. ಎರಡೂ ಮನೆಯವರು ಒಂದೊಂದು ಚೆಂಬು ಮಜ್ಜಿಗೆ ಕಳಿಸಬೇಕು. ಎರಡನ್ನೂ ಕುಡಿದ ಮೇಲೆಯೇ ಅವಳು ಮಾತಿಗೆ ಕೂರುವುದು. ಒಂದು ಮನೆಯ ಮಜ್ಜಿಗೆ ಬಾರದಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ.

ಆಗ ಅವಳ ಮುಂದೆ ಇದ್ದದ್ದು ದಾರಿಯ ಜಗಳ. ತಿಮ್ಮರಾಯಪ್ಪನ ಕುರಿಗಳು ಕೆರೆಗೆ ನೀರಿಗೆ ಹೋಗುವುದು ಮಲ್ಲೇಶನ ಈರುಳ್ಳಿ ಹೊಲದ ಬದುವಿನ ಮೇಲೆ. ಬೇಲಿ ಹಾಕುತ್ತೇನೆಂದು ಮಲ್ಲೇಶ ಕಂಬ ತಂದು ಇಳಿಸಿದ್ದ. ತಿಮ್ಮರಾಯಪ್ಪ ಕಾಳಕ್ಕನಿಗೆ ದಾಯಾದಿ ಸಂಬಂಧ. ಆದರೂ ಅವಳು ಹೇಳಿದಳೆಂದು ಮಲ್ಲೇಶ ಕಂಬ ನೆಡದೆ ತಡೆದುಕೊಂಡಿದ್ದ. ಇನ್ನೊಂದು ಸಲ ಇಬ್ಬರನ್ನೂ ಕೂರಿಸಿದರೆ ಮುಗಿಯುತ್ತದೆ ಎನ್ನುವಷ್ಟಕ್ಕೆ ಬಂದಿತ್ತು.

"ನಾನ್ಯಾಕೆ ತಾಯಿ ನಿಮ್ಮ ಸಂಘಕ್ಕೆ? ಅಲ್ಲಿ ಬಂದು ಕಸ ಗುಡಿಸ್ಲಾ?" ಎಂದು ಕಾಳಕ್ಕ ನಕ್ಕಳು.

"ನೀವು ಮಾಡೋ ಕೆಲಸವೇ ನಾವೂ ಮಾಡೋದು ಕಾಳಕ್ಕ. ನಿಮ್ಮ ಫೋಟೋ ಹಾಕಿ ಕಾರ್ಡ್ ಕೊಡ್ತೀವಿ."

"ಫೋಟೋನಾ? ತಡೀರಿ, ಕುಂತ್ಕಳ್ರಿ, ಸೀರೆ ಬದ್ಲಾಯಿಸ್ಕಂಡು ಬತ್ತೀನಿ."

ಕಾರ್ಡು ಬಂತು. ಕೆಂಪು ದಾರ, ಫೋಟೋದ ಕೆಳಗೆ ದಪ್ಪಕ್ಷರದಲ್ಲಿ 'ಮೆಂಬರ್'. ಕಾಳಕ್ಕನಿಗೆ ಓದಲು ಬಾರದು. ಕೊರಳಿಗೆ ಹಾಕಿಕೊಂಡು ಅಂಗಡಿ ಬೀದಿಯಲ್ಲಿ ಒಂದು ಸುತ್ತು ಬಂದಳು. ಎಲೆ ಅಡಿಕೆ ಅಂಗಡಿಯ ಯಲ್ಲಕ್ಕ ಕಾರ್ಡು ಹಿಡಿದು ದಪ್ಪಕ್ಷರವನ್ನಷ್ಟೇ ಓದಿ, "ಅಯ್ಯೋ ನಮ್ಮವ್ವ! ಮೆಂಬರ್ ಆಗ್ಬಿಟ್ಯಲ್ಲೇ! ಯಾವ ಪಾರ್ಟಿನೇ?" ಎಂದಳು. ಕಾಳಕ್ಕ ಅದನ್ನು ತಮಾಷೆ ಎಂದುಕೊಂಡು, "ನಂದೇ ಪಾರ್ಟಿ" ಎಂದುಬಿಟ್ಟಳು.

ಪಂಚಾಯ್ತಿ ಎಲೆಕ್ಷನ್ ಮಾತು ಊರಲ್ಲಿ ಆಗಲೇ ಎದ್ದಿತ್ತು. ಮೆಂಬರ್ ಅಂದರೆ ಅಲ್ಲಿ ಒಂದೇ ಅರ್ಥ: ಒಂದು ಗುಂಪಿನವನು. ತಿಮ್ಮರಾಯಪ್ಪನ ತಮ್ಮ ಚುನಾವಣೆಗೆ ನಿಲ್ಲುತ್ತಾನೆಂಬ ಸುದ್ದಿಯೂ ಇತ್ತು. ಸಂಜೆಯೊಳಗೆ ಎರಡು ಸುದ್ದಿಗಳೂ ಸೇರಿ ಒಂದಾದವು: ಕಾಳಕ್ಕ ತಿಮ್ಮರಾಯಪ್ಪನ ಕಡೆಯ ಮೆಂಬರ್.

ಮಲ್ಲೇಶನ ಮನೆಯಿಂದ ಮಜ್ಜಿಗೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಬದುವಿನ ಮೇಲೆ ಕಂಬಗಳು ನಿಂತವು, ತಂತಿ ಬಿಗಿಯಿತು.

ಕಾಳಕ್ಕ ಫೋನ್ ಮಾಡಿಸಿದಳು. ಕಾವ್ಯಶ್ರೀ ಆಟೋ ಹಿಡಿದು ಬಂದವಳು ನೇರ ಮಲ್ಲೇಶನ ಹೊಲಕ್ಕೆ ಹೋದಳು.

"ಅದು ಪಾರ್ಟಿ ಅಲ್ಲ ಮಲ್ಲೇಶಣ್ಣ, ಸಂಘ. ಜಗಳ ಬಿಡಿಸೋರ ಸಂಘ."

"ಸಂಘಾನೋ ಪಾರ್ಟಿನೋ, ಒಂದು ಕಡೀಗೆ ಸೇರ್ಕಂಡ್ಳೋ ಇಲ್ವೋ, ಅದು ಹೇಳ್ರಿ ಮೇಡಂ." ಮಲ್ಲೇಶ ತಂತಿಯನ್ನು ಇನ್ನೊಂದು ಸುತ್ತು ತಿರುವಿದ. "ಅವರ ದಾಯಾದಿ ಅಂತ ಗೊತ್ತಿದ್ದೂ ಹೋಗಿ ಕುಂತಿದ್ದೆ. ಯಾಕೆ? ಕಾಳಕ್ಕ ಯಾರೋಳೂ ಅಲ್ಲ ಅಂತ."

"ಹಾಗಾದ್ರೆ ಕಾರ್ಡ್ ವಾಪಸ್ ತಗೋತೀವಿ. ಹೆಸರು ತೆಗೆದುಹಾಕ್ತೀವಿ."

"ಪಾರ್ಟಿ ಬಿಟ್ಟು ಬಂದೋರ್ನ ಯಾರಾದ್ರೂ ನಂಬ್ತಾರಾ?" ಎಂದ ಮಲ್ಲೇಶ, ಸಿಟ್ಟಿಲ್ಲದೆ.

ಕಾವ್ಯಶ್ರೀ ಅಲ್ಲಿಂದ ಕಾಳಕ್ಕನ ಜಗಲಿಗೆ ಬಂದಾಗ ತಿಮ್ಮರಾಯಪ್ಪ ಅಲ್ಲಿ ನಿಂತಿದ್ದ. ಕಾಳಕ್ಕನ ಕೊರಳು ಬರಿದಾಗಿತ್ತು.

"ಅಕ್ಕಾ, ನೀನೀಗ ಮೆಂಬರು. ದುರ್ಗದ ದೊಡ್ಡೋರೆಲ್ಲ ನಿನ್ನ ಕಡೆ ಅವ್ರೆ. ಒಂದು ಮಾತು ಹೇಳಿ ಬೇಲಿ ಕೀಳಿಸು."

"ನಾನ್ಯಾರ ಕಡೆನೂ ಅಲ್ಲ ಕಣೋ ತಿಮ್ಮಾ."

"ನನ್ನ ಕಡೆ ಅಲ್ವಾ?"

"ಅಲ್ಲ."

ತಿಮ್ಮರಾಯಪ್ಪ ಅವಳನ್ನೇ ನೋಡಿದ. ಅವನ ಮುಖ ನಿಧಾನವಾಗಿ ಮುಚ್ಚಿಕೊಂಡಿತು. "ಓಹೋ. ಹಂಗಾದ್ರೆ ಅವನ ಕಡೆ ಮೆಂಬರ್ರಾ ನೀನು" ಎಂದವನು ಜಗಲಿ ಇಳಿದು ಹೋದ. ಸ್ವಲ್ಪ ಹೊತ್ತಿಗೆ ಅವನ ಕುರಿಗಳು ಊರು ಬಳಸಿ, ಲಾರಿಗಳು ಓಡಾಡುವ ಟಾರು ರಸ್ತೆಯ ಅಂಚಿನಲ್ಲಿ ಕೆರೆಯ ಕಡೆ ಹೋಗುವುದು ಕಾಣಿಸಿತು. ಪ್ರತಿ ಹಾರನ್ನಿಗೂ ಮಂದೆ ಚದುರುತ್ತಿತ್ತು, ಮತ್ತೆ ಕೂಡುತ್ತಿತ್ತು.

ಕಾವ್ಯಶ್ರೀಯ ಫೋನ್ ರಿಂಗಾಯಿತು. ನಾಗಭೂಷಣ ಅವರು. ಮದಕರಿಪುರದಿಂದ ಇನ್ನೂ ನಾಲ್ಕಾರು ಜನ ಸಿಗಬಹುದೇ, ವಾರ್ಷಿಕ ಸಭೆಯಲ್ಲಿ ಹೇಳಿಕೊಳ್ಳಲು ಚೆನ್ನಾಗಿರುತ್ತದೆ ಎಂದರು. ಆಮೇಲೆ ಮಾತಾಡುತ್ತೇನೆಂದು ಅವಳು ಫೋನ್ ಇಟ್ಟಳು.

"ಕಾಳಕ್ಕ, ನಾನು ಇಬ್ಬರನ್ನೂ ಇನ್ನೊಂದು ಸಲ..."

"ಬ್ಯಾಡ ತಾಯಿ. ನೀನು ಹೇಳಿದಷ್ಟೂ ನಾನು ನಿನ್ನೋಳು ಆಗ್ತೀನಿ." ಕಾಳಕ್ಕ ರಸ್ತೆಯ ಕಡೆಯೇ ನೋಡುತ್ತಿದ್ದಳು. "ಊರಿಗೂ ನಂಗೂ ಬಂದೈತಲ್ಲ, ಈ ಜಗಳ ಯಾರ ಹತ್ರ ತಗಂಡು ಹೋಗ್ಲಿ? ಅದೊಂದು ಹೇಳು."

ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂಬ ಮಾತು ಅಭ್ಯಾಸದಂತೆ ಕಾವ್ಯಶ್ರೀಯ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿ ಜಗಲಿಯ ಮೇಲೆ ಕೂತಳು. ಮುದುಕಿ ಉತ್ತರಕ್ಕೆ ಕಾಯುತ್ತಲೇ ಇದ್ದಳು.