ಡೈ ಸೆಟ್ಟರ್ ರವಿಕಾಂತನ ರಜೆ

ವ್ಯಸನಮುಕ್ತಿ ದಿನದ ಪ್ರತಿಜ್ಞೆ ಓದಿಸಲು ಕಾರ್ಖಾನೆಯವರು ರವಿಕಾಂತನನ್ನೇ ಆರಿಸಿದ್ದರು. ಅವನ ಕಂಠ ದೊಡ್ಡದು, ಮರಾಠಿ ಸ್ವಚ್ಛ. ಮೈಕು ಕೈಕೊಟ್ಟರೂ ಕೊನೆಯ ಸಾಲಿನವರಿಗೆ ಕೇಳುತ್ತದೆ. ಸಂಭಾಜಿನಗರದ ಹೊರವಲಯದ ವಾಳೂಜಿನ ಆ ಕಾರ್ಖಾನೆಯ ಅಂಗಳದಲ್ಲಿ ಎಲ್ಲರೂ ಬಲಗೈ ಮುಂದೆ ಚಾಚಿ, ಯಾವ ಮಾದಕ ವಸ್ತುವನ್ನೂ ಮುಟ್ಟುವುದಿಲ್ಲ ಎಂದು ಅವನ ಹಿಂದೆಯೇ ಹೇಳಿದರು. ಪಕ್ಕದಲ್ಲಿ ನಿಂತಿದ್ದ ಜಯಮಾಲಾಳ ಮುಖಕ್ಕೆ ಪ್ರತಿಜ್ಞೆಯ ಒಂದೊಂದು ಸಾಲಿನೊಂದಿಗೂ ದಾರೂ ವಾಸನೆ ಬಡಿಯುತ್ತಿತ್ತು.

"ಸರ್, ಅಂವ ಕುಡದಾನ," ಎಂದು ಅವಳು ವಿಶ್ವನಾಥಪ್ಪನವರ ಕಿವಿಯಲ್ಲಿ ಹೇಳಿದಳು.

"ಗೊತ್ತದ. ಈಗ ಸುಮ್ನಿರ್ರಿ, ಫೋಟೋ ತೆಗೀಲತಾರ."

ಜಯಮಾಲಾ ಭಾಲ್ಕಿಯವಳು. ಮದುವೆಯಾಗಿ ಸಂಭಾಜಿನಗರಕ್ಕೆ ಬಂದು, ಈ ಕಾರ್ಖಾನೆಯ ಸಿಬ್ಬಂದಿ ವಿಭಾಗ ಸೇರಿ ವರ್ಷಗಳಾಗಿದ್ದವು. ವಿಶ್ವನಾಥಪ್ಪ ಆಳಂದದವರು, ಉತ್ಪಾದನಾ ವಿಭಾಗದ ಮುಖ್ಯಸ್ಥರು. ಕೆಟ್ಟವರಲ್ಲ. ಊರಿನ ಕಡೆಯ ಎಷ್ಟೋ ಮಂದಿಗೆ ಕೆಲಸ ಹಚ್ಚಿಕೊಟ್ಟವರು. ಆದರೆ ಲೋಡಾಗಬೇಕಾದ ಗಾಡಿ ಹೊರಗೆ ನಿಂತಿದೆ ಎಂದರೆ ಅವರಿಗೆ ಬೇರೇನೂ ಕಾಣುತ್ತಿರಲಿಲ್ಲ.

ರವಿಕಾಂತ ಹುಮನಾಬಾದಿನವನು, ಡೈ ಸೆಟ್ಟರ್. ಉಕ್ಕಿನ ತಗಡನ್ನು ಒತ್ತಿ ವಾಹನದ ಬಿಡಿಭಾಗ ಮಾಡುವ ದೊಡ್ಡ ಪ್ರೆಸ್ಸುಗಳಿಗೆ ಅಚ್ಚು ಕೂರಿಸುವುದು ಅವನ ಕೆಲಸ. ಆ ಕಬ್ಬಿಣದ ಅಚ್ಚು ಕೂದಲೆಳೆಯಷ್ಟು ಓರೆಯಾದರೂ ಮಾಲು ಹಾಳು. ಬೇರೆಯವರು ಅರ್ಧ ದಿನ ಒದ್ದಾಡುವುದನ್ನು ಅವನು ಚಹಾ ಆರುವಷ್ಟರಲ್ಲಿ ಮುಗಿಸುತ್ತಾನೆಂದು ಎಲ್ಲರೂ ಹೇಳುತ್ತಿದ್ದರು. ಹಾಗೆ ಹೇಳಿ ಹೇಳಿಯೇ ಅವನನ್ನು ಯಾರೂ ಏನೂ ಅನ್ನದಂತಾಗಿತ್ತು.

ಅವನು ಬಾರದ ದಿನ ಹೆಂಡತಿ ಲತಾಳ ಫೋನು ಬರುತ್ತಿತ್ತು. ಒಮ್ಮೆ ಜ್ವರ, ಒಮ್ಮೆ ಹೊಟ್ಟೆನೋವು. ಕಾರಣಗಳು ಮುಗಿದಾಗ ಊರಿನಲ್ಲಿರುವ ಅತ್ತೆ ಆಸ್ಪತ್ರೆ ಸೇರುತ್ತಿದ್ದರು. ಹಾಗೆ ಅತ್ತೆ 'ಸೀರಿಯಸ್' ಆಗಿದ್ದ ಒಂದು ದಿನವೇ ಅವರು ರೊಟ್ಟಿ ಬುತ್ತಿಯ ಗಂಟು ಹಿಡಿದು, ಗಟ್ಟಿಮುಟ್ಟಾಗಿ ಕಾರ್ಖಾನೆಯ ಗೇಟಿಗೆ ಬಂದು ಮಗನನ್ನು ಕೇಳಿದ್ದರು. ಜಯಮಾಲಾ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಅವರಿಗೆ ಚಹಾ ತರಿಸಿದ್ದಳು.

ಪ್ರತಿಜ್ಞೆ ಮಾಡಿಸಿದ ವಾರದಲ್ಲೇ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ರವಿಕಾಂತ ಅಚ್ಚು ಕೂರಿಸಿದ್ದ, ಒಂದು ಬೋಲ್ಟು ಬಿಗಿಯುವುದನ್ನು ಮರೆತಿದ್ದ. ಪ್ರೆಸ್ ಇಳಿದ ಏಟಿಗೆ ಅಚ್ಚು ಜರುಗಿ ಬೋಲ್ಟು ಹಾರಿತು. ಎದುರಿಗೆ ತಗಡು ಇಡುತ್ತಿದ್ದ ಸುಮನ ಎಂಬ ಪೈಠಣದ ಹೆಂಗಸಿನ ಕಿವಿಯ ಪಕ್ಕದಿಂದ ಹಾದು, ಹಿಂದಿನ ತಗಡಿನ ಗೋಡೆಯನ್ನು ತೂತು ಮಾಡಿತು. ಸುಮನ ಮೊದಲು ನಕ್ಕಳು. ಆಮೇಲೆ ಎದ್ದು ಹೋಗಿ ಗೋಡೆಯ ತೂತಿಗೆ ಬೆರಳು ಹಾಕಿ ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರು. ಬಹಳ ಗಂಭೀರ ವಿಷಯ ಎಂದರು. ಒಬ್ಬರು ಇನ್ನೊಂದು ಬ್ಯಾನರ್ ಕಟ್ಟೋಣ ಎಂದರು. ಮತ್ತೊಬ್ಬರು ಪ್ರತಿಜ್ಞೆಯನ್ನು ತಿಂಗಳಿಗೊಮ್ಮೆ ಮಾಡಿಸಿದರೆ ಹೇಗೆ ಎಂದು ಕೇಳಿದರು.

"ಯಾರ್ ಕಡಿಂದ ಓದಸ್ತೀರಿ? ಮತ್ತ ರವಿಕಾಂತನ ಕಡಿಂದೇನು?" ಎಂದಳು ಜಯಮಾಲಾ. ಅವಳು ಎರಡು ಬೇಡಿಕೆ ಇಟ್ಟಳು. ಗೇಟಿನಲ್ಲಿ ಎಲ್ಲರಿಗೂ, ಸಾಹೇಬರಿಗೂ, ಊದಿಸಿ ಕುಡಿದದ್ದು ಹಿಡಿಯುವ ಯಂತ್ರ ಬೇಕು. ಸಿಕ್ಕಿಬಿದ್ದವರನ್ನು ಕೆಲಸದಿಂದ ತೆಗೆಯುವ ಬದಲು ರಜೆ ಕೊಟ್ಟು ಚಿಕಿತ್ಸೆಗೆ ಕಳಿಸಬೇಕು. ತೆಗೆದುಹಾಕುತ್ತೇವೆಂದರೆ ಎಲ್ಲರೂ ಅಡಗಿಸುತ್ತಾರೆ, ಅಡಗಿಸಿಯೇ ಇಲ್ಲಿಗೆ ಬಂದಿದೆ ಎಂದಳು. ಬೋಲ್ಟು ಮಾಡಿದ್ದ ತೂತು ಇನ್ನೂ ಹಾಗೇ ಇದ್ದುದರಿಂದಲೋ ಏನೋ, ಒಪ್ಪಿದರು.

ಯಂತ್ರ ಬಂದ ಮೊದಲ ಮುಂಜಾನೆಯೇ ರವಿಕಾಂತ ಊದಿದ, ಕೆಂಪು ದೀಪ ಹತ್ತಿತು. ಅವನು ಮನೆಗೆ ಹೊರಟ. ಜಯಮಾಲಾ ಕ್ಯಾಬಿನ್ನಿಗೆ ಬಂದು ಕೂತು ಉಸಿರು ಬಿಡುವಷ್ಟರಲ್ಲಿ ಕಾವಲುಗಾರ ಬಂದು, ರವಿಕಾಂತ ಒಳಗೇ ಇದ್ದಾನೆ ಎಂದ. ವಿಶ್ವನಾಥಪ್ಪನವರು ಅವನನ್ನು ಅರ್ಧ ದಾರಿಯಿಂದ ಫೋನು ಮಾಡಿ ಕರೆಸಿ, ಲಾರಿಗಳು ಬರುವ ಹಿಂದಿನ ಗೇಟಿನಿಂದ ಒಳಗೆ ಬಿಟ್ಟುಕೊಂಡಿದ್ದರು.

ಅವಳು ಓಡಲಿಲ್ಲ, ಕೂಗಲಿಲ್ಲ. ನೇರವಾಗಿ ಪ್ರೆಸ್ಸಿನ ಬಳಿ ಹೋಗಿ, ಮುಖ್ಯ ಸ್ವಿಚ್ಚು ಕೆಳಗೆ ಇಳಿಸಿ, ಅದಕ್ಕೆ ಬೀಗ ಜಡಿದು, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಆ ಸಾಲಿನ ಯಂತ್ರಗಳೆಲ್ಲ ನಿಂತವು. ಆ ಶೆಡ್ಡಿನಲ್ಲಿ ಅಷ್ಟು ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ.

ವಿಶ್ವನಾಥಪ್ಪ ಧಾವಿಸಿ ಬಂದರು. "ಏನ್ ಮಾಡ್ಲತೀರಿ ಜಯಮಾಲಾ? ಗಾಡಿ ನಿಂತದ ಹೊರಗ!"

"ನಿಂದರ್ಲಿ."

"ಇದೊಂದ್ ದಿನ ಬಿಡ್ರಿ. ನಾಳಿಂದ ನೀವ್ ಹೇಳ್ದಂಗ."

"ಸರ್, ನಾಳಿಂದ ನಾಳಿಂದ ಅಂತ ಕೇಳಿ ನನ್ನ ಕಿವಿ ತೂತ್ ಬಿದ್ದಾವ. ಆ ಸುಮನಳ ಕಿವಿನೂ ಸೊಲ್ಪದರಾಗ ಉಳದದ."

"ಅಂವ ಕುಡದ್ರೂ ಅಂವನ ಕೈ ಅಲ್ಲಾಡಂಗಿಲ್ರಿ! ಇಡೀ ವಾಳೂಜಕ್ಕ ಗೊತ್ತದ!"

ಪ್ರೆಸ್ಸಿಗೆ ಒರಗಿ ನಿಂತಿದ್ದ ರವಿಕಾಂತ ಆಗ ಕೈ ಮುಂದೆ ಚಾಚಿದ. ಬೆರಳು ಬಿಡಿಸಿದ. ಎಲ್ಲರೂ ನೋಡುತ್ತಿದ್ದಂತೆ ಆ ಬೆರಳುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಅದುರಿದವು.

"ಅಲ್ಲಾಡ್ತದ್ರಿ ಸಾಹೇಬ್ರ," ಎಂದ. "ಭಾಳ ದಿನಾ ಆಯ್ತು. ಕುಡದ್ರ ಸೊಲ್ಪ ನಿಲ್ತದಂತ ಮುಂಜಾನೆನೂ ಕುಡೀಲತೀನಿ. ಈಗ ಕುಡದ್ರೂ ನಿಲ್ಲವಲ್ದು. ನೀವ್ ಯಾರೂ ನೋಡ್ಲಿಲ್ಲ."

ವಿಶ್ವನಾಥಪ್ಪ ಆ ಕೈಯನ್ನೇ ನೋಡುತ್ತ ನಿಂತರು. ಆಮೇಲೆ ಹೊರಗೆ ನಿಂತ ಗಾಡಿಯವನಿಗೆ ಸಮಾಧಾನ ಹೇಳಲು ಹೋದರು.

ನಾಶಿಕದಲ್ಲಿ, ದೇವಳಾಲಿ ಕ್ಯಾಂಪಿನ ಕಡೆಯ ರಸ್ತೆಯಲ್ಲಿ, ಒಂದು ವ್ಯಸನಮುಕ್ತಿ ಕೇಂದ್ರವಿತ್ತು. ಸಂಭಾಜಿನಗರದಲ್ಲೇ ಇದ್ದರೆ ಸಂಜೆಯ ಗೆಳೆಯರು ಗೋಡೆ ಹಾರಿ ಬಂದಾರೆಂದು ಅವನನ್ನು ಅಲ್ಲಿಗೇ ಸೇರಿಸಿದರು. ಭೇಟಿಗೆ ಬಿಡುವ ಮೊದಲ ಭಾನುವಾರ ಜಯಮಾಲಾ ಲತಾಳನ್ನು ಕರೆದುಕೊಂಡು ಬಸ್ಸು ಹತ್ತಿದಳು. ಲತಾ ಹೊಸ ಸೀರೆ ಉಟ್ಟಿದ್ದಳು, ಮುಖ ತುಂಬಿಕೊಂಡಿತ್ತು. ಯೇವಲಾ ದಾಟಿದ ಮೇಲೆ ಅವಳು ಮೆಲ್ಲಗೆ ಬಾಯಿಬಿಟ್ಟಳು.

"ಅಕ್ಕೋರೆ, ಅವರಿಗಿ ಲಗೂ ಬಿಡಬ್ಯಾಡ್ರಿ ಅಂತ ಡಾಕ್ಟರ್ ಮುಂದ ಹೇಳ್ತೀರೇನು?"

"ಯಾಕವಾ?"

"ನಾ ನಿದ್ದಿ ಮಾಡ್ಲತೀನ್ರಿ. ಬಾಗಿಲ ಸಪ್ಪಳ ಆದ್ರ ಎದಿ ಹೊಡ್ಕೊಳ್ಳಂಗಿಲ್ಲ. ನಿಮಗ ಸುಳ್ಳ ಹೇಳೋ ಕೆಲಸನೂ ಇಲ್ಲ." ಮತ್ತೆ, "ಇಷ್ಟ್ ದಿನ ಸುಳ್ಳ ಹೇಳೀನಿ, ಸಿಟ್ಟ್ ಮಾಡ್ಕೋಬ್ಯಾಡ್ರಿ," ಎಂದಳು.

ಜಯಮಾಲಾಳಿಗೆ ಸಿಟ್ಟು ಇದ್ದೇ ಇತ್ತು. ಆದರೆ ಯಾರ ಮೇಲೆ ಎಂದು ಆ ಬಸ್ಸಿನಲ್ಲಿ ಕೂತು ಹುಡುಕಿದರೆ ಅದು ಲತಾಳ ಬಳಿ ನಿಲ್ಲಲಿಲ್ಲ.

ರವಿಕಾಂತ ತೆಳ್ಳಗಾಗಿದ್ದ, ಗಡ್ಡ ತೆಗೆಸಿದ್ದ. ಅವರನ್ನು ಕಂಡದ್ದೇ ದೂರು ಹೇಳತೊಡಗಿದ. ಇಲ್ಲಿಯ ಚಹಾ ಚಹಾ ಅಲ್ಲ. ಭಾಜಿಯಲ್ಲಿ ಖಾರವಿಲ್ಲ. ಪಕ್ಕದ ಹಾಸಿಗೆಯವನು ಗೊರಕೆ ಹೊಡೆಯುತ್ತಾನೆ. "ಮತ್ತ ದಿನಾ ಮುಂಜಾನೆ ಎಲ್ಲಾರ ಮುಂದ ನಿಂತು ನಾ ಕುಡುಕ ಅನ್ಬೇಕಂತ್ರಿ! ನಾ ಡೈ ಸೆಟ್ಟರ್ ಇದ್ದೀನಿ!"

"ಎರಡೂ ಖರೇನೇ ಅವ," ಎಂದಳು ಜಯಮಾಲಾ. ಮುಂಜಾನೆಯಿಂದ ಬಸ್ಸಿನಲ್ಲಿ ಕೂತು ಸೊಂಟ ನೋಯುತ್ತಿತ್ತು. ಇವನ ಚಹಾದ ದೂರು ಕೇಳುವ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

ಅವರು ಹೊರಡುವ ಹೊತ್ತಿಗೆ ಅವನು, ಕೇಳದಿದ್ದರೂ ನಡೆದೀತು ಎಂಬಂತೆ ಕೇಳಿದ: "ಈಗ ಡೈ ಯಾರ್ ಕೂಡಸ್ಲತಾರ?"

"ಪ್ರಾಚಿ. ಡಿಪ್ಲೊಮಾ ಮಾಡಿ ಬಂದಾಳಲ್ಲ, ಆಕಿ."

"ಆ ಹುಡುಗಿ? ಆಕಿಗಿ ಆಗ್ತದೇನು?"

"ನಿನ್ನಷ್ಟ್ ಲಗೂ ಆಗಂಗಿಲ್ಲ. ಆದ್ರ ಬೋಲ್ಟ್ ಎಲ್ಲಾ ಎರಡೆರಡ್ ಸಲ ನೋಡ್ತಾಳ. ಗಾಡಿ ಹೊಂಟಾವ."

ತಾನಿಲ್ಲದೆ ಕಾರ್ಖಾನೆ ನಡೆಯುತ್ತದೆ ಎಂಬ ಮಾತು ಅವನಿಗೆ ಆ ಕೇಂದ್ರದ ಯಾವ ಔಷಧಿಗಿಂತಲೂ ಕಹಿಯಾಗಿತ್ತು. ಲತಾ ಕೈಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು ಅವನ ಕೈಗಿಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದ.

ಚಿಕಿತ್ಸೆ ಮುಗಿಸಿ ಬಂದವನನ್ನು ಪ್ರೆಸ್ಸಿನ ಹತ್ತಿರ ಬಿಡಲಿಲ್ಲ. ಹಳೆಯ ಅಚ್ಚುಗಳನ್ನು ಉಜ್ಜಿ ಸರಿಮಾಡುವ ಮೇಜಿನ ಕೆಲಸ ಕೊಟ್ಟರು, ಹಗಲಿನ ಪಾಳಿ ಮಾತ್ರ. ಅವನಿಗೆ ಅದು ಅವಮಾನವಾಯಿತು. ಪ್ರಾಚಿ ಏನಾದರೂ ಕೇಳಲು ಬಂದರೆ ಬೆನ್ನು ತಿರುಗಿಸುತ್ತಿದ್ದ. ಕೆಲವು ವಾರ ಹೀಗೆ ನಡೆದು, ಒಂದು ಸೋಮವಾರ ಮುಂಜಾನೆ ಜಯಮಾಲಾಳಿಗೆ ಅವನದೇ ಫೋನು ಬಂತು.

"ಮೇಡಂ, ನಿನ್ನಿ ಕುಡದೀನಿ. ಊದಿದ್ರ ಸಿಗ್ತೀನಿ. ಬರಂಗಿಲ್ಲ."

ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು ಕಣ್ಣು ಮುಚ್ಚಿದಳು. ಬೈಯಲು ನಾಲಿಗೆ ತುದಿಗೆ ಬಂದ ಮಾತೆಲ್ಲ ನುಂಗಿ, "ನಾಳಿ ಬಾ. ಬರೂಕಿಂತ ಮೊದಲ ನಾಶಿಕದ ಡಾಕ್ಟರಿಗಿ ಫೋನ್ ಮಾಡು," ಎಂದಳು.

ಸುದ್ದಿ ಕೇಳಿದ ವಿಶ್ವನಾಥಪ್ಪ ಗೆದ್ದವರಂತೆ ಕುರ್ಚಿಗೆ ಒರಗಿದರು. "ನೋಡಿದ್ರಿಲ್ಲ? ಇಷ್ಟೆಲ್ಲಾ ಮಾಡಿ ಏನ್ ಉಪಯೋಗ ಆಯ್ತು? ಇಂಥವ್ರು ಸುಧಾರಸಂಗಿಲ್ರಿ."

ಅವರ ಮೇಜಿನ ಮೇಲೆ ಯಾರದೋ ಹುಟ್ಟುಹಬ್ಬದ ಜಿಲೇಬಿ ಇತ್ತು. ಅರ್ಧ ಖಾಲಿಯಾಗಿತ್ತು. ಪಕ್ಕದಲ್ಲೇ ಅವರ ಸಕ್ಕರೆ ಕಾಯಿಲೆಯ ಗುಳಿಗೆ.

"ಸರ್, ನಿಮಗ ಡಾಕ್ಟರ್ ಜಿಲೇಬಿ ತಿನ್ರಿ ಅಂದಾರೇನು?"

"ಅದು... ಅದು ಬ್ಯಾರೆ ಮಾತದ."

"ಇದು ತಿಂದೀರಂತ ನಿಮಗ ಕೆಲಸದಿಂದ ತೆಗದ್ರ ಹ್ಯಾಂಗಾಗ್ತದ, ಹೇಳ್ರಿ? ಗುಳಿಗಿ ತಗೋರಿ, ನಾಳಿ ತಿನಬ್ಯಾಡ್ರಿ ಅಂತೀವಲ್ಲ? ಅಂವನಿಗೂ ಅಷ್ಟೇ ಹೇಳೀನಿ."

ಅವರು ಜಿಲೇಬಿಯ ತಟ್ಟೆಯನ್ನು ಡ್ರಾಯರಿನೊಳಗೆ ಸರಿಸಿದರು. ತಿನ್ನುವುದನ್ನು ಬಿಟ್ಟರೋ ಇಲ್ಲವೋ, ರವಿಕಾಂತನನ್ನು ತೆಗೆಯುವ ಮಾತನ್ನು ಅಂದಿನಿಂದ ಬಿಟ್ಟರು.

ಮರುದಿನ ರವಿಕಾಂತ ಬಂದ. ಊದಿದ, ಹಸಿರು ದೀಪ. ಯಾರ ಮುಖವನ್ನೂ ನೋಡದೆ ತನ್ನ ಮೇಜಿಗೆ ಹೋಗಿ ಕೂತ. ಮಧ್ಯಾಹ್ನದ ಹೊತ್ತಿಗೆ ಪ್ರಾಚಿ ಒಂದು ಅಚ್ಚಿನ ಜೊತೆ ಬೆವರು ಸುರಿಸುತ್ತಿದ್ದುದನ್ನು ದೂರದಿಂದ ನೋಡಿದ. ತಡೆಯಲಾಗದೆ ಎದ್ದು ಹೋಗಿ, ಪ್ರೆಸ್ಸು ಮುಟ್ಟದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಯಾವ ಮೂಲೆಯಿಂದ ಬಿಗಿಯಬೇಕೆಂದು ಮರಾಠಿಯಲ್ಲಿ ಹೇಳಿದ. ಅವಳು ಹಾಗೇ ಮಾಡಿದಳು. ಅಚ್ಚು ಕೂತಿತು. ಮರುದಿನ ಅವಳು ಮತ್ತೆ ಕೇಳಲು ಬಂದಾಗ ಅವನು ಬೆನ್ನು ತಿರುಗಿಸಲಿಲ್ಲ.

ಆಮೇಲೆ ಎಲ್ಲ ಸರಿಹೋಯಿತೆಂದು ಹೇಳುವಂತಿಲ್ಲ. ದೀಪಾವಳಿಯ ಹೊತ್ತಿಗೆ ಅವನು ಮತ್ತೊಮ್ಮೆ ಜಾರಿದ. ಈ ಸಲ ತಾನೇ ನಾಶಿಕದ ಬಸ್ಸು ಹತ್ತಿದ. ಬಂದ ಮೇಲೆ ಈವರೆಗೆ ಸರಿಯಾಗಿದ್ದಾನೆ. ಕೈ ಇನ್ನೂ ಸ್ವಲ್ಪ ನಡುಗುತ್ತದೆ. ಪ್ರೆಸ್ಸಿಗೆ ಮತ್ತೆ ಹೋಗುವ ಆಸೆ ಇದೆ. ಡಾಕ್ಟರು ಇನ್ನೂ ಬೇಡ ಎಂದಿದ್ದಾರೆ. ಲತಾ ರಾತ್ರಿ ನಿದ್ದೆ ಮಾಡುತ್ತಾಳೆ, ಆದರೆ ಬಾಗಿಲ ಕಡೆ ಒಂದು ಕಿವಿ ಇಟ್ಟುಕೊಂಡೇ.

ಕಳೆದ ವಾರ ರವಿಕಾಂತ ಒಬ್ಬನ ತೋಳು ಹಿಡಿದು ಜಯಮಾಲಾಳ ಕ್ಯಾಬಿನ್ನಿಗೆ ಎಳೆದುಕೊಂಡು ಬಂದ. ಗುತ್ತಿಗೆ ಕಾರ್ಮಿಕ, ಮೂವತ್ತರ ಸುಮಾರಿನವನು. ಕಣ್ಣು ಕೆಂಪಗೆ, ತುಟಿ ಒಣಗಿತ್ತು.

"ಇವಂದು ದಾರೂ ಅಲ್ಲ ಮೇಡಂ, ಗುಳಿಗಿ. ಯಂತ್ರದಾಗ ಸಿಗಂಗಿಲ್ಲ. ಡಬಲ್ ಶಿಫ್ಟ್ ಮಾಡ್ಲಿಕ್ಕ ನಿದ್ದಿ ಬರಬಾರ್ದಂತ ಠೇಕೇದಾರನೇ ಕೊಡ್ತಾನಂತ. ಈಗ ಅದಿಲ್ದ ಇವಂಗ ನಡೀಲಿಕ್ಕೂ ಆಗವಲ್ದು. ಇವಂಗೂ ನಾಶಿಕಕ್ಕ ಕಳಸ್ರಿ."

ರಜೆಯ ನಿಯಮ ಕಾಯಂ ನೌಕರರಿಗೆ ಮಾತ್ರ. ಗುತ್ತಿಗೆಯವರು ನಮ್ಮವರಲ್ಲ, ಅವರನ್ನು ತಂದ ಠೇಕೇದಾರನವರು ಎಂದು ಕಾರ್ಖಾನೆಯವರು ಹೇಳುತ್ತಾರೆ. ಠೇಕೇದಾರ ಗುಳಿಗೆಯೇ ಗೊತ್ತಿಲ್ಲ ಎನ್ನುತ್ತಾನೆ. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಯಾರಾದರೊಬ್ಬರು ಬ್ಯಾನರಿನ ಮಾತೆತ್ತುತ್ತಾರೆ. ಅದೆಲ್ಲ ಒಂದೇ ಸಲ ಕಣ್ಣ ಮುಂದೆ ಬಂದು ಜಯಮಾಲಾಳಿಗೆ ಆ ಕ್ಷಣವೇ ರಾಜೀನಾಮೆ ಬಿಸಾಕಿ ಭಾಲ್ಕಿಯ ಬಸ್ಸು ಹತ್ತಬೇಕೆನಿಸಿತು.

"ಕೂಡಪಾ," ಎಂದು ಆ ಮನುಷ್ಯನಿಗೆ ಕುರ್ಚಿ ತೋರಿಸಿದಳು. "ರವಿಕಾಂತ, ಇವಂಗ ಚಹಾ ತರಸು. ನಾ ಮ್ಯಾಲ ಹೋಗಿ ಬರ್ತೀನಿ."

ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದವಳ ಮುಖ ನೋಡಿದ್ದೇ ವಿಶ್ವನಾಥಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಗ ಮತ್ತೇನ್ರಿ ತಾಯಿ?"

ಜಯಮಾಲಾ ಕುರ್ಚಿ ಎಳೆದುಕೊಂಡು ಕೂತಳು. ಬೇಗ ಏಳುವ ಲಕ್ಷಣ ಅವಳಲ್ಲಿರಲಿಲ್ಲ.