ಹಿಡಿದವಳ ಕಣ್ಣು

ನಮ್ಮ ಬೀದಿಯ ವೆಲ್ಡರ್‌ಗೆ ಮನೆಯವರು ಇಟ್ಟ ಹೆಸರು ಏನೇ ಇರಲಿ, ಎಲ್ಲರ ಬಾಯಲ್ಲೂ ಅವನು ಕಿಡಿಯಣ್ಣ. ಕೆಲಸವೇನೋ ಅಚ್ಚುಕಟ್ಟು. ಬುದ್ಧಿ ಹೇಳಹೋದರೆ ಮಾತ್ರ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮನೆಯ ಮುಂದೆ ತಗಡಿನ ಶೆಡ್ಡು, ಅದರ ಮೂಲೆಯಲ್ಲೇ ಹೆಂಡತಿಯ ಹೊಲಿಗೆ ಮಿಷನ್ನು. ಗೇಟು, ಕಿಟಕಿ ಗ್ರಿಲ್ಲು ಕೂಡಿಸುವಾಗ ಒಬ್ಬರ ಕೈ ಸಾಲದು. "ಬಾರೆ, ಸ್ವಲ್ಪ ಹಿಡ್ಕೋ" ಎಂದು ಕರೆಯುತ್ತಾನೆ. ಅವಳು ಹೊಲಿಗೆ ಬಿಟ್ಟು ಬಂದು, ಕಬ್ಬಿಣದ ಪಟ್ಟಿ ಹಿಡಿದು, ಮುಖ ಆಚೆ ತಿರುಗಿಸಿ ನಿಲ್ಲುತ್ತಾಳೆ.

ಒಂದು ಬೆಳಿಗ್ಗೆ ಅವನ ಅಕ್ಕ ಬಂದಳು. ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಗಾರರಿಗೆ ಹೆಲ್ಮೆಟ್ಟು, ಕೈಗವಸು ಕೊಡುವುದು ಅವಳ ಕೆಲಸ. ಹೊಲಿಯಲು ಕೊಟ್ಟಿದ್ದ ಕೋಟು ಒಯ್ಯೋಣವೆಂದು ಬಂದರೆ, ಮಿಷನ್ನಿಗೆ ಮುಸುಕು ಹಾಕಿದೆ. ತಮ್ಮನ ಹೆಂಡತಿ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದಾಳೆ.

"ಏನೇ ಇದು?"

"ಕಣ್ಣಲ್ಲಿ ಮರಳು ಸುರಿದ ಹಾಗಿದೆ ಅತ್ತಿಗೆ. ಬೆಳಕು ನೋಡೋಕಾಗ್ತಿಲ್ಲ. ದಾರ ಪೋಣಿಸೋಣ ಅಂತ ಹೋದೆ, ಸೂಜಿನೇ ಕಾಣಲಿಲ್ಲ." ಅವಳು ಬಟ್ಟೆಯನ್ನು ಇನ್ನೂ ಒತ್ತಿಕೊಂಡಳು. "ಹೀಗೇ ಉಳಿದುಬಿಟ್ರೆ ನಾನೇನು ಮಾಡ್ಲಿ?"

"ಧೂಳು ಬಿದ್ದಿರಬೇಕು ಅಕ್ಕ. ಎರಡು ಹನಿ ಹಾಲು ಬಿಟ್ರೆ ಸರಿಹೋಗುತ್ತೆ" ಎಂದ ಕಿಡಿಯಣ್ಣ.

"ಹಾಲು ಟೀಗೆ ಬಿಡು. ನಿನ್ನೆ ಇವಳು ಗೇಟು ಹಿಡಿದಿದ್ಲಾ?"

"ಮಧ್ಯಾಹ್ನ ಹಿಡಿದಿದ್ಲು. ಆಗ ಏನೂ ಆಗಿರಲಿಲ್ಲವಲ್ಲ."

"ವೆಲ್ಡಿಂಗ್ ಬೆಳಕಿನ ಬುದ್ಧಿನೇ ಅಂಥದ್ದು. ಸುಡೋದು ಆಗಲೇ, ಉರಿ ತೋರಿಸೋದು ಎಷ್ಟೋ ಹೊತ್ತು ಬಿಟ್ಟು."

"ನಾನು ಮುಖ ತಿರುಗಿಸಿದ್ನಲ್ಲ ಅತ್ತಿಗೆ."

"ಯಾವ ಕಡೆ ತಿರುಗಿಸಿದ್ದೆ? ಶೆಡ್ಡಿನ ಹೊಳೆಯೋ ಹೊಸ ತಗಡಿನ ಕಡೆ. ಬೆಳಕು ಅದಕ್ಕೆ ಬಡಿದು ನಿನ್ನ ಕಣ್ಣಿಗೇ ವಾಪಸ್ ಬಂತು. ಏಳು, ಡಾಕ್ಟರ ಹತ್ರ ಹೋಗೋಣ."

ಕಣ್ಣಿನ ಮೇಲ್ಪದರ ಸುಟ್ಟಿದೆ ಎಂದರು ಡಾಕ್ಟರು. ಔಷಧಿ ಬರೆದುಕೊಟ್ಟು, ಉಜ್ಜಬೇಡಿ, ಹಾಲುಗೀಲು ಬಿಡಬೇಡಿ, ಈ ಸಲ ವಾಸಿಯಾಗುತ್ತದೆ, ಪದೇ ಪದೇ ಹೀಗಾದರೆ ದೃಷ್ಟಿಗೇ ಕುತ್ತು ಎಂದು ಎಚ್ಚರಿಸಿದರು. ಮನೆಗೆ ಬರುವ ದಾರಿಯುದ್ದಕ್ಕೂ ಕಿಡಿಯಣ್ಣ ಹೆಂಡತಿಯ ಕೈ ಬಿಡಲಿಲ್ಲ. ಪಾಪ, ಅವನಿಗೂ ಹೆದರಿಕೆಯಾಗಿತ್ತು.

ಶೆಡ್ಡಿಗೆ ಬಂದವಳೇ ಅಕ್ಕ ಮೊಳೆಗೆ ನೇತುಹಾಕಿದ್ದ, ಮುಖ ಮುಚ್ಚುವ ವೆಲ್ಡಿಂಗ್ ಹೆಲ್ಮೆಟ್ಟು ಇಳಿಸಿದಳು. "ಇದನ್ನ ಹಾಕ್ಕೋತೀಯೋ, ಜೇಡರ ಹುಳಕ್ಕೆ ಬಾಡಿಗೆಗೆ ಕೊಟ್ಟಿದೀಯೋ?"

"ಅದನ್ನ ಹಾಕ್ಕೊಂಡ್ರೆ ಜಾಯಿಂಟೇ ಕಾಣಲ್ಲ ಅಕ್ಕ. ಕಣ್ಣು ಮುಚ್ಕೊಂಡು ಚುಕ್ಕೆ ಚುಕ್ಕೆಯಾಗಿ ಬೆಸುಗೆ ಹಾಕ್ತೀನಿ. ಮೀಸೆ ಬರೋ ಮುಂಚಿಂದ ಹಾಗೇ ಮಾಡ್ತಿದೀನಿ."

"ನಿನ್ನ ರೆಪ್ಪೆ ಏನು ಕಬ್ಬಿಣದ್ದಾ?"

ಅವಳು ಹೆಲ್ಮೆಟ್ಟಿನ ಮುಂದಿನ ಗಾಜು ಕಳಚಿ ಬೆಳಕಿಗೆ ಹಿಡಿದಳು. ಕಿಡಿ ಸಿಡಿದು ಸಿಡಿದು ಅದರ ತುಂಬ ಕಲೆ. "ಇದು ಸಾದಾ ಗಾಜು. ಕಿಡಿ ತಿನ್ನೋದೇ ಇದರ ಕೆಲಸ. ಎರಡು ಟೀ ಕುಡಿಯೋ ಕಾಸಿಗೆ ಸಿಗುತ್ತೆ, ಮಸುಕಾದ ಕೂಡಲೇ ಬದಲಾಯಿಸು. ಒಳಗಿನ ಕಪ್ಪು ಗಾಜು ಹದಿಮೂರನೇ ನಂಬರಿಂದು ಯಾಕೆ ತಂದೆ?"

"ಕಪ್ಪಾದಷ್ಟೂ ಕಣ್ಣಿಗೆ ಒಳ್ಳೇದಲ್ವಾ?"

"ಕತ್ತಲಾದ್ರೆ ಎತ್ತಿ ನೋಡ್ತೀಯ. ಎತ್ತಿದ ಹೆಲ್ಮೆಟ್ಟು ಹಣೆ ಕಾಯುತ್ತೆ, ಕಣ್ಣು ಕಾಯಲ್ಲ. ನಿನ್ನ ಗೇಟು, ಗ್ರಿಲ್ಲಿಗೆ ಹತ್ತನೇ ನಂಬರ್ ಸಾಕು. ದಪ್ಪ ಕಬ್ಬಿಣಕ್ಕೆ ಕರೆಂಟ್ ಏರಿಸಿದಾಗ ಹನ್ನೊಂದೋ ಹನ್ನೆರಡೋ ಹಾಕು. ಬಿರುಕು ಬಿಟ್ರೆ ಟೇಪ್ ಅಂಟಿಸಬೇಡ, ಎಸೆದುಬಿಡು. ಅದಿರಲಿ, ಕೈಗವಸು ಎಲ್ಲಿ?"

"ಅದನ್ನ ಇವಳು ಸೋಪು ಹಾಕಿ ಕುಕ್ಕಿ, ಬಿಸಿಲಿಗೆ ಒಣಹಾಕಿದ್ಲು. ಕಟ್ಟಿಗೆ ಆಗೋಯ್ತು."

"ಗಬ್ಬು ನಾರ್ತಿತ್ತು ಅತ್ತಿಗೆ" ಎಂದಳು ಹೆಂಡತಿ, ಕಣ್ಣು ಮುಚ್ಚಿಕೊಂಡೇ.

ಅಕ್ಕನಿಗೂ ನಗು ಬಂತು. "ಚರ್ಮದ್ದನ್ನ ಒಣ ಬಟ್ಟೇಲಿ ಒರೆಸಿ, ನೆರಳಲ್ಲಿ ನೇತುಹಾಕಬೇಕು ಕಣೇ. ಒದ್ದೆಯಾಗಿದ್ರೆ, ತೂತು ಬಿದ್ದಿದ್ರೆ ಹಾಕ್ಕೋಬಾರದು, ಕರೆಂಟ್ ಹೊಡೆಯುತ್ತೆ. ಇವನ ಈ ನೈಲಾನ್ ಅಂಗಿನೂ ಬೇಡ. ಕಿಡಿ ಬಿದ್ರೆ ಕರಗಿ ಮೈಗೆ ಅಂಟುತ್ತೆ. ದಪ್ಪ ಹತ್ತಿ ಬಟ್ಟೇಲಿ ಒಂದು ಹೊಲಿದುಕೊಡು."

ಅವಳ ಕಣ್ಣು ವಾಸಿಯಾಯಿತು. ಕಿಡಿಯಣ್ಣ ಹೊಸ ಗಾಜಿನ ಹೆಲ್ಮೆಟ್ಟು, ಹೊಸ ಕೈಗವಸು, ಹತ್ತಿ ಅಂಗಿ ತೊಟ್ಟು ಮದುವೆ ಗಂಡಿನ ಠೀವಿಯಲ್ಲಿ ನಿಂತ. ಒಂದು ಜಾಯಿಂಟು ಬೆಸೆದು, "ಈ ಗಾಜಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ" ಎಂದ. ಆಮೇಲೆ ಅಭ್ಯಾಸಬಲದಿಂದ ಕರೆದ: "ಬಾರೆ, ಸ್ವಲ್ಪ ಹಿಡ್ಕೋ."

ಅವಳು ಬಂದಳು. ಪಟ್ಟಿ ಹಿಡಿದಳು. ಮುಖ ಆಚೆ ತಿರುಗಿಸಿದಳು.

ಕಿಡಿಯಣ್ಣ ಹೆಲ್ಮೆಟ್ಟು ಇಳಿಸಿದವನು ಮತ್ತೆ ಮೇಲಕ್ಕೆತ್ತಿದ. ಅವಳ ಬರಿ ಮುಖ ನೋಡಿ, "ಬಿಡು ಅದನ್ನ" ಎಂದ.

"ಯಾಕೆ? ನಾನೇನು ವೆಲ್ಡಿಂಗ್ ಮಾಡ್ತೀನಾ? ಬರೀ ಹಿಡ್ಕೋತೀನಿ."

"ಸುಟ್ಟಿದ್ದು ಹಿಡಿದವಳ ಕಣ್ಣೇ ಅಲ್ವಾ? ನಾನೊಬ್ಬನೇ ಮುಖ ಮುಚ್ಕೊಂಡು ನಿಂತ್ರೆ ನನ್ನಂಥ ಸ್ವಾರ್ಥಿ ಯಾರಿದಾರೆ?"

ಅಂದು ಗೇಟು ಅರ್ಧಕ್ಕೇ ನಿಂತಿತು. ಅಂಗಡಿಗೆ ಹೋದವನು ಎರಡು ಕ್ಲಾಂಪು, ಅವಳ ಅಳತೆಯ ಕೈಗವಸು, ಇನ್ನೊಂದು ಹೆಲ್ಮೆಟ್ಟು, ಜೊತೆಗೆ ಬೆಂಕಿ ಹಿಡಿಯದ ದಪ್ಪ ಬಟ್ಟೆ ತಂದ. ಈಗ ಪಟ್ಟಿ ಹಿಡಿಯುವುದು ಕ್ಲಾಂಪು. ಅದು ಸಾಲದಾದಾಗ ಅವಳು ಬರುತ್ತಾಳೆ, ಹೆಲ್ಮೆಟ್ಟು ಹಾಕಿಕೊಂಡು. ಆ ದಪ್ಪ ಬಟ್ಟೆಯಿಂದ ಮಿಷನ್ನಿಗೂ ಬೆಸುಗೆಯ ಜಾಗಕ್ಕೂ ನಡುವೆ ಪರದೆ ಹೊಲಿದವಳು ಅವಳೇ. ಹೊಲಿಯಲು ಕೂತ ದಿನ ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಅವಳು ಅದನ್ನು ಗಂಡನಿಗೆ ತೋರಿಸಿ ನಕ್ಕಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ಕೆಲಸ ಶುರುಮಾಡುವ ಮುಂಚೆ ನಿಮ್ಮ ಹೆಲ್ಮೆಟ್ಟಿನ ಗಾಜು ಬೆಳಕಿಗೆ ಹಿಡಿದು ನೋಡಿ. ಕೈಗವಸಿನ ಬೆರಳು ಬೆರಳೂ ಮುಟ್ಟಿ ನೋಡಿ. ಆಮೇಲೆ ಒಂದು ಗಳಿಗೆ ತಲೆಯೆತ್ತಿ, ಪಟ್ಟಿ ಹಿಡಿದು ನಿಂತವರು ಯಾರು ಎಂದು ನೋಡಿ. ಅವರ ಮುಖವೂ ಮುಚ್ಚಿದ ಮೇಲೆಯೇ ಕಿಡಿ ಹಾರಲಿ.